ಅಂಗಡೀಲಿ ಕೊಳೆತ ಬಂದೂಕಿಗೆ ಈಗ ಲಕ್ಷದ ಬೆಲೆ!

ಮೊನ್ನೆ ಸಂಜೆ ಬಸ್ಸು ತಪ್ಪಿತು. ಸ್ಟ್ಯಾಂಡ್ ಎದುರಿನ ಸ್ಟೌ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತೆವು. ಈಗ ಅಲ್ಲಿಗೆ ಬರುವುದೆಲ್ಲ ಗ್ಯಾಸ್ ಒಲೆಗಳೇ. ಆದರೂ ಮೇಲಿನ ಹಲಗೆಯಲ್ಲಿ ಹಿತ್ತಾಳೆಯ ಪಂಪ್ ಸ್ಟೌ ಒಂದು ಇನ್ನೂ ಕೂತಿದೆ. ಪಕ್ಕದ ಮೊಬೈಲ್ ಅಂಗಡಿ ಹುಡುಗ ಬಂದವನೇ ಯಜಮಾನರ ಮೂಗಿನ ಮುಂದೆ ಫೋನು ಹಿಡಿದ.

"ನೋಡಿ ಯಜಮಾನ್ರೇ, ಅಮೆರಿಕದ ಗಾಳಿ ಬಂದೂಕು. ಹಳೇ ಕಾಲದ್ದು. ರೇಟು ಕೇಳಿದ್ರೆ ತಲೆ ತಿರುಗುತ್ತೆ! ನಮ್ಮ ಜಾತ್ರೇಲಿ ಬಲೂನು ಹೊಡೆಯೋಕೆ ಇಡ್ತಾರಲ್ಲ, ಅದೇ ತಾನೇ ಇದು?"

ಯಜಮಾನರು ಕನ್ನಡಕ ಏರಿಸಿ ನೋಡಿದರು. "ಅಲ್ಲ ಕಣಪ್ಪಾ. ಜಾತ್ರೇದು ನಳಿಗೆ ಬಗ್ಗಿಸಿ ಸ್ಪ್ರಿಂಗು ಕೂರಿಸೋದು. ಇದಕ್ಕೆ ಹೊಟ್ಟೆ ಕೆಳಗೆ ಪಂಪಿದೆ ನೋಡು. ಇದು ನಮ್ಮ ಸ್ಟೌ ಜಾತಿ!"

ಬಂದೂಕಿಗೂ ಸ್ಟೌಗೂ ಎತ್ತಣ ನೆಂಟಸ್ತಿಕೆ ಎನ್ನಬೇಡಿ. ಯಜಮಾನರ ಮಾತು ನೂರಕ್ಕೆ ನೂರು ನಿಜ.

ತೋಳಿನ ಬಲವೇ ಮದ್ದು

ಜಾತ್ರೆಯ ಬಂದೂಕಿನಲ್ಲಿ ಗಾಳಿ ಕೂಡಿಟ್ಟಿರುವುದಿಲ್ಲ. ಕುದುರೆ ಎಳೆದಾಗ ಸ್ಪ್ರಿಂಗು ಪಿಸ್ಟನ್ನನ್ನು ದಬ್ಬುತ್ತದೆ, ಆ ಕ್ಷಣಕ್ಕೆ ಗಾಳಿ ಹಿಂಡಿ ಗುಂಡು ಹಾರುತ್ತದೆ. ಪಂಪಿನ ಬಂದೂಕಿನ ಕಥೆಯೇ ಬೇರೆ. ಮುಂಗೈ ಹಿಡಿಯುವ ಮರದ ತುಂಡೇ ಅದರ ಹಿಡಿ. ಅದನ್ನು ತೆರೆದು ಮುಚ್ಚಿದಷ್ಟೂ ಸಲ ಒಳಗಿನ ಕೋಣೆಗೆ ಗಾಳಿ ಸೇರುತ್ತದೆ. ವಾಲ್ವು ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಕುದುರೆ ಎಳೆದರೆ ಸುತ್ತಿಗೆಯೊಂದು ಹೋಗಿ ವಾಲ್ವಿಗೆ ಬಡಿಯುತ್ತದೆ. ಕೂಡಿಟ್ಟ ಗಾಳಿ ಗುಂಡಿನ ಬೆನ್ನಿಗೆ ನುಗ್ಗುತ್ತದೆ. ಮೂರು ಪಂಪಿಗೆ ಮೆತ್ತಗಿನ ಹೊಡೆತ, ಎಂಟಕ್ಕೆ ಬಿರುಸಿನ ಹೊಡೆತ. ಒಂದೊಂದು ಪಂಪೂ ಹಿಂದಿನದಕ್ಕಿಂತ ಬಿಗಿ. ಮದ್ದೂ ಇಲ್ಲ, ತೋಟಾವೂ ಇಲ್ಲ. ಹೊಡೆಯುವವನ ತೋಳಿನ ಬಲವೇ ಮದ್ದು!

ಸ್ಟೌನಲ್ಲೂ ಇಷ್ಟೇ ಅಲ್ಲವೇ? ಪಂಪು, ಬಟ್ಟಲಿನಾಕಾರದ ತೊಗಲಿನ ವಾಷರು, ಬುಡದಲ್ಲೊಂದು ವಾಲ್ವು. ಬಂದೂಕಿನಲ್ಲಿ ಒತ್ತಡ ಎಷ್ಟೋ ಪಟ್ಟು ಹೆಚ್ಚು, ಅಷ್ಟೇ.

ಟಿಪ್ಪು ಕಾಲದಲ್ಲೇ ಇತ್ತು

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. 1780ರಲ್ಲಿ ಪೊಳ್ಳಿಲೂರಿನಲ್ಲಿ ನಮ್ಮ ಹೈದರ್, ಟಿಪ್ಪುವಿನ ಸೈನ್ಯ ರಾಕೆಟ್ ಹಾರಿಸಿ ಇಂಗ್ಲಿಷರನ್ನು ನಡುಗಿಸಿತಲ್ಲ, ಸುಮಾರು ಅದೇ ಹೊತ್ತಿಗೆ ಆಸ್ಟ್ರಿಯಾದ ಸೈನ್ಯ ಗಾಳಿ ಬಂದೂಕನ್ನು ಹೆಗಲಿಗೇರಿಸಿತ್ತು. ಮಾಡಿದಾತ ಬಾರ್ತೊಲೊಮಿಯೊ ಗಿರಾಂಡೋನಿ. ಬಂದೂಕಿನ ಹಿಂಬದಿಯ ಬುರುಡೆಯೇ ಗಾಳಿಯ ಉಗ್ರಾಣ. ಅದನ್ನು ಬಿಚ್ಚಿ ಕೈಪಂಪಿನಿಂದ ತುಂಬಬೇಕು. ಎಷ್ಟು ಸಲ ಒತ್ತಬೇಕು ಗೊತ್ತೇ? ಸುಮಾರು 1,500 ಸಲ! ಬಸ್ಕಿ ಹೊಡೆದಂತೆಯೇ ಸರಿ. ಆದರೆ ಒಮ್ಮೆ ತುಂಬಿದರೆ ಇಪ್ಪತ್ತಕ್ಕೂ ಹೆಚ್ಚು ಗುಂಡುಗಳನ್ನು ಹೊಗೆಯಿಲ್ಲದೆ, ಸಾಲಾಗಿ ಹೊಡೆಯಬಹುದಿತ್ತು. ಉಳಿದ ಸೈನಿಕರು ಒಂದೊಂದು ಗುಂಡಿಗೂ ನಳಿಗೆಗೆ ಮದ್ದು ಜಡಿಯುತ್ತಿದ್ದ ಕಾಲ ಅದು.

1803ರಲ್ಲಿ ಅಮೆರಿಕದ ಮೆರಿವೆದರ್ ಲೂಯಿಸ್ ಪಶ್ಚಿಮ ಕರಾವಳಿಯ ದಾರಿ ಹುಡುಕಿ ಹೊರಟಾಗ ಗಾಳಿ ಬಂದೂಕೊಂದನ್ನು ಒಯ್ದಿದ್ದ. ಅದೂ ಗಿರಾಂಡೋನಿ ನಮೂನೆಯದೇ ಎಂದು ಬಲ್ಲವರಲ್ಲಿ ಅನೇಕರ ನಂಬಿಕೆ. ಪ್ರಯಾಣದ ಮೊದಲ ದಿನವೇ ಎಡವಟ್ಟು! ಪಿಟ್ಸ್‌ಬರ್ಗ್ ಬಳಿ ನದಿಯ ನಡುಗಡ್ಡೆಯೊಂದರಲ್ಲಿ ಜನರಿಗೆ ತೋರಿಸಲೆಂದು ಏಳು ಗುಂಡು ಹೊಡೆದ. ಆಮೇಲೆ ಬಂದೂಕು ತಿಳಿಯದವನೊಬ್ಬನ ಕೈಗೆ ಹೋಯಿತು. ಕೈಗೆ ಹೋದದ್ದೇ ತಡ, ಅದು ಹಾರಿಬಿಟ್ಟಿತು. ನೂರಿಪ್ಪತ್ತು ಅಡಿ ದೂರದಲ್ಲಿದ್ದ ಹೆಂಗಸೊಬ್ಬಳ ಟೋಪಿ ತೂರಿ ಗುಂಡು ಹಣೆಯ ಪಕ್ಕ ಸೀಳಿತು. ಆಕೆ ನೆಲಕ್ಕುರುಳಿದಳು, ರಕ್ತ ಸುರಿಯಿತು. ಸತ್ತಳೆಂದೇ ಎಲ್ಲರೂ ಗಾಬರಿಯಾದರು. ಪುಣ್ಯಕ್ಕೆ ಒಂದು ನಿಮಿಷದಲ್ಲಿ ಎಚ್ಚರವಾಯಿತು, ಗಾಯ ಜೀವಕ್ಕೆ ಬರಲಿಲ್ಲ. ಲೂಯಿಸನೇ ದಿನಚರಿಯಲ್ಲಿ ಬರೆದಿಟ್ಟ ಸಂಗತಿ ಇದು. "ಬರೀ ಗಾಳಿ ತಾನೇ" ಅನ್ನುವವರು ಇದನ್ನು ಎರಡು ಸಲ ಓದಬೇಕು.

ಒಳ್ಳೆ ಮಾಲು, ಕೊಳ್ಳುವವರಿಲ್ಲ

ಈಗ ಹುಡುಗನ ಫೋನಿನಲ್ಲಿದ್ದ ಬಂದೂಕಿಗೆ ಬರೋಣ. ಅಂಗಡಿಯವರು ಗಮನವಿಟ್ಟು ಕೇಳಬೇಕಾದ ಕಥೆ ಇದು.

ಅಮೆರಿಕದಲ್ಲಿ ಪಂಪಿನ ಬಂದೂಕಿನ ವ್ಯಾಪಾರಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1902ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಬೆಂಜಮಿನ್ ಕಂಪನಿ ಹುಟ್ಟಿತು. 1920ರ ದಶಕದಲ್ಲಿ ರಾಚೆಸ್ಟರಿನ ಕ್ರಾಸ್‌ಮನ್ ಬಂತು. ಅದರ ಮೊದಲ ಬಂದೂಕಿಗೆ ನಳಿಗೆಯ ಕೆಳಗೆ ಥೇಟ್ ಸೈಕಲ್ ಪಂಪು! ಇವೆಲ್ಲ ಇರುವಾಗ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನಲ್ಲಿ ವ್ಯಾಕರ್‌ಹೇಗನ್, ಕ್ರಾಸ್ ಎಂಬ ಇಬ್ಬರು ಸೇರಿ, ಇದ್ದುದರಲ್ಲೆಲ್ಲ ಉತ್ತಮವಾದದ್ದನ್ನೇ ಮಾಡುತ್ತೇವೆಂದು ಹಟ ಹಿಡಿದರು. 1947ರಲ್ಲಿ 'ಶೆರಿಡನ್ ಮಾಡೆಲ್ ಎ' ಹೊರಬಂತು. ನಳಿಗೆ ಫಾಸ್ಫರ್ ಕಂಚಿನದು. ಮರ ವಾಲ್ನಟ್. ಬೋರು 5 ಮಿಲಿಮೀಟರ್. ಅದಕ್ಕೆ ಅದರದೇ ಗುಂಡು, ಬೇರೆಯದು ಕೂಡುವುದಿಲ್ಲ.

ಬೆಲೆ? ಐವತ್ತಾರೂವರೆ ಡಾಲರ್. ಅಂದಿನ ಲೆಕ್ಕದಲ್ಲಿ ನಮ್ಮ ನೂರ ಎಂಬತ್ತು ಚಿಲ್ಲರೆ ರೂಪಾಯಿ. ಆ ದುಡ್ಡಿಗೆ ಅಲ್ಲಿ ಮದ್ದಿನ ಬಂದೂಕೇ ಬರುತ್ತಿತ್ತು. "ಗಾಳಿ ಬಂದೂಕಿಗೆ ಇಷ್ಟು ಕೊಡ್ತಾರೇನ್ರೀ" ಅಂತ ಗಿರಾಕಿ ಮುಖ ತಿರುಗಿಸಿದ. ಮಾಲು ಅಂಗಡಿಯಲ್ಲೇ ಕೂತಿತು. ಸ್ವಲ್ಪ ಅಗ್ಗದ 'ಮಾಡೆಲ್ ಬಿ' ತಂದರು, ಅದೂ ಓಡಲಿಲ್ಲ. ಕೊನೆಗೆ 1949ರಲ್ಲಿ ಅರ್ಧಕ್ಕೂ ಕಡಿಮೆ ಬೆಲೆಯ 'ಸಿಲ್ವರ್ ಸ್ಟ್ರೀಕ್' ತಂದರು ನೋಡಿ, ಅದು ಓಡಿತು! ಅದೂ, ಅದರ ತಮ್ಮ 'ಬ್ಲೂ ಸ್ಟ್ರೀಕ್'ಉ ದಶಕಗಟ್ಟಲೆ ಮಾರಾಟವಾದವು. 'ಮಾಡೆಲ್ ಎ' ಮಾತ್ರ 1953ರ ಹೊತ್ತಿಗೆ ಕಣ್ಣು ಮುಚ್ಚಿತು. ಒಟ್ಟು ಮಾಡಿದ್ದು ಎರಡು ಸಾವಿರದ ಚಿಲ್ಲರೆ. 1977ರಲ್ಲಿ ಶೆರಿಡನ್ನನ್ನು ಎದುರಾಳಿ ಬೆಂಜಮಿನ್ನೇ ಕೊಂಡುಕೊಂಡಿತು. 1992ರಲ್ಲಿ ಬೆಂಜಮಿನ್ನನ್ನು ಕ್ರಾಸ್‌ಮನ್ ನುಂಗಿತು. ದೊಡ್ಡ ಮೀನಿಗೆ ಸಣ್ಣ ಮೀನು!

ಅಂದು ಯಾರಿಗೂ ಬೇಡವಾದ ಆ 'ಮಾಡೆಲ್ ಎ' ಇಂದು ಒಳ್ಳೆಯ ಸ್ಥಿತಿಯಲ್ಲಿದ್ದರೆ ಸಾವಿರ ಡಾಲರ್ ದಾಟುತ್ತದೆ. ಮಾಡಿದವರಿಗೆ ಸಿಕ್ಕಿದ್ದು ನಷ್ಟ, ಮಡಗಿದವರಿಗೆ ಸಿಕ್ಕಿದ್ದು ಲಾಭ. ವ್ಯಾಪಾರ ಅಂದರೆ ಇಷ್ಟೇ ಸ್ವಾಮಿ.

ಗೋಡೆಗೆ ನೇತುಹಾಕಿದರೆ ಕೆಟ್ಟಿತು

"ಹಂಗಾದ್ರೆ ಅಂಥದ್ದೊಂದು ಸಿಕ್ಕಿದ್ರೆ ಉಜ್ಜಿ ಫಳಫಳ ಮಾಡಿ ಗಾಜಿನ ಬೀರೂಲಿ ಇಟ್ಕೋಬೋದಲ್ವಾ?" ಹುಡುಗನ ಪ್ರಶ್ನೆ.

ಅಲ್ಲೇ ತಪ್ಪು. ಹಳೆಯ ಬಂದೂಕಿನ ಮೂಲ ಬಣ್ಣ ಉಜ್ಜಿ ತೆಗೆದರೆ ಬೆಲೆಯೂ ಅದರ ಜೊತೆಗೇ ಹೋಗುತ್ತದೆ. ಇನ್ನು ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟರೆ ಪಂಪಿನ ವಾಷರು ಒಣಗುತ್ತದೆ, ವಾಲ್ವು ಕೂರುವ ಜಾಗಕ್ಕೆ ಧೂಳು ಸೇರುತ್ತದೆ. ಆಮೇಲೆ ಎಷ್ಟು ಪಂಪು ಹೊಡೆದರೂ ಸುಯ್ ಅಂತ ಗಾಳಿ ಸೋರಿಹೋಗುತ್ತದೆ. ಅದಕ್ಕೇ ಬಲ್ಲವರು ಅದನ್ನು ಆಗಾಗ ಹೊರಗೆ ತೆಗೆಯುತ್ತಾರೆ. ಪಂಪಿಗೆ ಎರಡು ತೊಟ್ಟು ಎಣ್ಣೆ ಬಿಡುತ್ತಾರೆ. ನಾಲ್ಕು ಗುಂಡು ಹೊಡೆದು, ವಾಲ್ವು ಮುಚ್ಚಿರಲೆಂದು ಒಂದೆರಡು ಪಂಪಿನ ಗಾಳಿಯನ್ನು ಒಳಗೇ ಬಿಟ್ಟು ಎತ್ತಿಡುತ್ತಾರೆ. ಗಾಳಿ ಇರಬಹುದು, ಗುಂಡು ಮಾತ್ರ ಇರಕೂಡದು! ಹೊಡೆಯುವಾಗಲೂ ಮೊದಲು ಪಂಪು, ಕೊನೆಗೆ ಗುಂಡು. ಗಾಳಿ ತುಂಬಿದ ಬಂದೂಕಿಗೂ ಖಾಲಿ ಬಂದೂಕಿಗೂ ಹೊರಗಿಂದ ನೋಡಿದರೆ ವ್ಯತ್ಯಾಸವೇ ತಿಳಿಯದು. ಆ ನಡುಗಡ್ಡೆಯ ಹೆಂಗಸು ನೆನಪಿರಲಿ.

ಇನ್ನೊಂದು ಮಾತು. ಬಲ ಹೆಚ್ಚಲೆಂದು ಹತ್ತು ಹದಿನೈದು ಪಂಪು ಹೊಡೆಯುವ ಶೂರರಿದ್ದಾರೆ. ಸ್ಟ್ರೀಕ್ ಬಂದೂಕಿಗೆ ಕಂಪನಿ ಹಾಕಿದ ಮಿತಿ ಎಂಟು. ಮೀರಿದರೆ ಸುತ್ತಿಗೆಯ ಪೆಟ್ಟಿಗೆ ವಾಲ್ವು ಪೂರ್ತಿ ತೆರೆಯುವುದಿಲ್ಲ, ಗಾಳಿ ಒಳಗೇ ಉಳಿಯುತ್ತದೆ. ಲಾಭವೂ ಇಲ್ಲ, ಯಂತ್ರವೂ ಹಾಳು.

ತರಿಸುವ ಮುಂಚೆ ಕಾಯ್ದೆ ನೋಡಿ

ಹುಡುಗನಿಗೆ ಆಸೆ ಕೆರಳಿತು. "ಪಾರ್ಸೆಲ್ ತರಿಸ್ಬೋದಾ ಸಾರ್?"

ತಾಳಪ್ಪಾ! ನಮ್ಮ ದೇಶದಲ್ಲಿ 2016ರ ಆಯುಧ ನಿಯಮಗಳ ಪ್ರಕಾರ ಬೋರು 4.5 ಮಿಲಿಮೀಟರ್ ಒಳಗೆ, ಬಲ 20 ಜೌಲ್ ಒಳಗೆ ಇದ್ದರೆ ಮಾತ್ರ ಗಾಳಿ ಬಂದೂಕಿಗೆ ಲೈಸೆನ್ಸ್ ವಿನಾಯಿತಿ. ಶೆರಿಡನ್ ಬೋರು 5. ಅರ್ಧ ಮಿಲಿಮೀಟರ್ ತಾನೇ ಎಂದು ಕಾಯ್ದೆ ಬಿಡುವುದಿಲ್ಲ. ಲೈಸೆನ್ಸ್ ಇಲ್ಲದೆ ತರಿಸಿದರೆ ಬಂದೂಕು ಕಸ್ಟಮ್ಸ್‌ನಲ್ಲಿ, ನೀನು ಠಾಣೆಯಲ್ಲಿ. ಲೈಸೆನ್ಸ್ ಬೇಡದ ಬಂದೂಕೇ ಇದ್ದರೂ ಅದು ಗುಬ್ಬಿ, ಪಾರಿವಾಳಕ್ಕಲ್ಲ. ಹಕ್ಕಿ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಕೊರಳಿಗೆ ಬೀಳುತ್ತದೆ. ಗುರಿಯ ಆಸೆಯಿದ್ದರೆ ಕಾಗದದ ಗುರಿಹಲಗೆ ಇದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ದೇಶಕ್ಕೆ ಚಿನ್ನ ತಂದದ್ದು 4.5 ಮಿಲಿಮೀಟರ್ ಗಾಳಿ ಬಂದೂಕಿನಿಂದಲೇ.

ಹುಡುಗನ ಮುಖ ಸಪ್ಪಗಾಯಿತು. ಯಜಮಾನರು ಎದ್ದು ಹಲಗೆಯ ಮೇಲಿನ ಪಂಪ್ ಸ್ಟೌ ಕೆಳಗಿಳಿಸಿದರು. ಹಿಡಿ ಬಿಚ್ಚಿ, ಒಣಗಿದ ವಾಷರಿಗೆ ಕೊಬ್ಬರಿ ಎಣ್ಣೆ ಸವರಿ, ಅಂಚನ್ನು ಬೆರಳಲ್ಲಿ ಅಗಲಿಸಿ ಮತ್ತೆ ಕೂರಿಸಿದರು. ನಾಲ್ಕು ಸಲ ಒತ್ತಿದರು. ಐದನೆಯದಕ್ಕೆ ಪಂಪು ಬಿಗಿಯಾಯಿತು.

"ನೋಡಿದ್ಯಾ, ಇನ್ನೂ ಜೀವ ಐತೆ. ಇದಕ್ಕೆ ಲೈಸೆನ್ಸೂ ಬೇಡ. ತಗೊಂಡು ಹೋಗ್ತೀಯಾ?"

"ರೇಟು?" ಅಂದ ಹುಡುಗ.

ಯಜಮಾನರು ಹೇಳಿದ ರೇಟು ನಮಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಆದರೆ ಹುಡುಗ ಬೆಚ್ಚಿ ಹಿಂದೆ ಸರಿದದ್ದು ಮಾತ್ರ ಕಿಟಕಿಯಿಂದ ಕಂಡಿತು!