ಮುಟ್ಟು ನಿಂತ ಮೇಲೆ

ಈ ವಿಷಯವನ್ನು ಹೆಸರಿಟ್ಟು ಹೇಳಲು ನಮ್ಮ ವಾಚಕರಲ್ಲಿ ಹಲವರು ಸಂಕೋಚಪಟ್ಟಾರು; ಸುಶ್ರುತಾಚಾರ್ಯರು ಪಡಲಿಲ್ಲ. ಆರ್ತವವು ಹನ್ನೆರಡನೆಯ ವರ್ಷದಲ್ಲಿ ಮೊದಲಾಗಿ ಐವತ್ತರಲ್ಲಿ ಕ್ಷಯಿಸುವುದೆಂದು ಅವರ ಸಂಹಿತೆಯು ನೇರವಾಗಿ ಹೇಳಿದೆ. ಈಗಿನ ವೈದ್ಯರ ಲೆಕ್ಕವೂ ಇದಕ್ಕೆ ಬಹು ದೂರವಿಲ್ಲ. ಬಹುಪಾಲು ಸ್ತ್ರೀಯರಿಗೆ 45ರಿಂದ 55ರೊಳಗೆ ಮುಟ್ಟು ನಿಲ್ಲುತ್ತದೆ; ಎಡೆಬಿಡದೆ 12 ತಿಂಗಳು ಕಾಣದಿದ್ದರೆ ನಿಂತಿತೆಂದು ನಿಶ್ಚಯ. ಅದಕ್ಕೆ ಮುಂಚಿನ ಕೆಲವು ವರ್ಷಗಳ ಮೈಯುರಿ, ಬೆವರು, ನಿದ್ರಾನಾಶ, ಕಾರಣ ತಿಳಿಯದ ದುಗುಡ, ಆಮೇಲಿನ ಎಲುಬಿನ ಸವಕಲು, ಇವೆಲ್ಲವನ್ನೂ 'ಅವಳ ಸ್ವಭಾವ ಕೆಟ್ಟಿತು' ಎಂಬ ಒಂದೇ ಮಾತಿನಲ್ಲಿ ನಮ್ಮ ಮನೆಗಳಲ್ಲಿ ಮುಗಿಸಿಬಿಡುವುದು ವಾಡಿಕೆ.

ಸರಕಾರದ ಕಣ್ಣಾದರೂ ತೆರೆದಿದೆಯೋ? ಆಶಾ ಕಾರ್ಯಕರ್ತೆಯ ಅರ್ಹ ದಂಪತಿಗಳ ವಹಿಯಲ್ಲಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹೆಣ್ಣಿನ ವಯಸ್ಸು 15ಕ್ಕೆ ಆರಂಭವಾಗಿ 49ಕ್ಕೆ ಮುಗಿಯುತ್ತದೆ. ದೇಶವನ್ನೇ ತಾಯಿಯೆಂದು ಕೊಂಡಾಡುವ ನಾವು ಹೆರುವ ತನಕ ಮಾತ್ರ ತಾಯಂದಿರನ್ನು ಎಣಿಸುತ್ತೇವೆ! ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು, ಮೂವತ್ತರ ಪ್ರಾಯದವರೂ ಸೇರಿ, ಗರ್ಭಕೋಶ ತೆಗೆಯಿಸಿಕೊಂಡ ವೃತ್ತಾಂತವು 2019ರಲ್ಲಿ ಬಯಲಾಯಿತು. ಮುಟ್ಟಿನ ದಿನ ಕೂಲಿ ತಪ್ಪೀತೆಂಬ ಭಯ ಒಂದು ಕಡೆ, ಅರ್ಬುದ ಬಂದೀತೆಂಬ ಬೆದರಿಕೆ ಇನ್ನೊಂದು ಕಡೆ. ಅಂಡಾಶಯಗಳನ್ನೂ ತೆಗೆದರೆ ಮುಟ್ಟಿನ ಮುಕ್ತಾಯವು ಒಂದೇ ದಿನದಲ್ಲಿ ಬಂದೆರಗಿ, ಎಲುಬಿಗೂ ಹೃದಯಕ್ಕೂ ಅಪಾಯವಾಗುತ್ತದೆ. ಅನಾವಶ್ಯಕ ಶಸ್ತ್ರಕ್ರಿಯೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲಿನಲ್ಲಿ ರಾಜ್ಯಗಳಿಗೆ ವಿಧಿಸಿತು.

ಬಾಯಿಬಿಟ್ಟು ಹೇಳಲಾರದವಳು ತೋರಿಸಬಲ್ಲಳು. 1990ರ ದಶಕದ ಆದಿಯಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಎಂಬ ವಿದುಷಿಯರು ಚೀನದ ಯುನ್ನಾನ್ ಪ್ರಾಂತದ ರೈತ ಹೆಂಗಸರ ಕೈಗೆ ಕೆಮರಾಗಳನ್ನು ಕೊಟ್ಟರು. ಆ ಹೆಂಗಸರು ತಮ್ಮ ಬಾಳನ್ನು ತಾವೇ ಚಿತ್ರ ತೆಗೆದು, ಒಟ್ಟಿಗೆ ಕುಳಿತು ಒಂದೊಂದರ ಅರ್ಥ ಹೇಳಿ, ಅಧಿಕಾರಿಗಳ ಮುಂದಿಟ್ಟರು. ಶಿಶುಪಾಲನೆ, ಸೂಲಗಿತ್ತಿಯರ ಶಿಕ್ಷಣ, ಬಾಲಿಕೆಯರ ವಿದ್ಯಾರ್ಥಿವೇತನಗಳಿಗೆ ಅದರಿಂದ ದಾರಿಯಾಯಿತು. ಫೋಟೋವಾಯ್ಸ್ ಎಂದು ಹೆಸರಾದ ಆ ಪದ್ಧತಿಯನ್ನು ಮುಟ್ಟು ನಿಲ್ಲುವ ಕಾಲದ ಅನುಭವಕ್ಕೂ ಅನ್ವಯಿಸುತ್ತಿದ್ದಾರೆ. ನಮ್ಮ ನಾಡಿನ ಗೃಹಿಣಿಯ ಕೈಗೆ ಯಂತ್ರ ಬಂದರೆ ಅವಳು ಏನನ್ನು ತೆಗೆದಾಳು? ನಡುರಾತ್ರಿ ತೆರೆದ ಕಿಟಕಿಯನ್ನೋ, ಒಲೆಯ ಮುಂದೆ ತೊಯ್ದ ಸೆರಗನ್ನೋ, ಇನ್ನು ಮಡಿಸಿಡಬೇಕಿಲ್ಲದ ಬಟ್ಟೆಯ ಗಂಟನ್ನೋ! ಇವಳ ಸಂಕಟದ ಜತೆಗೆ ಬಿಡುಗಡೆಯ ಸಂತೋಷವೂ ಆ ಚಿತ್ರಗಳಲ್ಲಿ ಕಾಣಬಹುದು. ಅದನ್ನು ವೈದ್ಯರ ಪ್ರಶ್ನಾವಳಿಯು ಕೇಳುವುದೇ ಇಲ್ಲ.

ಚಿತ್ರದಲ್ಲಿರುವವಳ ಒಪ್ಪಿಗೆಯಿಲ್ಲದೆ ಮುಖ ಹೊರಬೀಳಕೂಡದು. ಹಳ್ಳಿಯಲ್ಲಿ ಗುಟ್ಟು ಒಂದು ಸಂಜೆಯೊಳಗೆ ಕೇರಿ ಸುತ್ತುತ್ತದೆ. ಟೇಪು ಕತ್ತರಿಸಿ ಭಾಷಣ ಮಾಡಿ ಹೊರಡುವ ಮಹನೀಯರಿಗೂ ಇಲ್ಲಿ ಕೆಲಸವಿಲ್ಲ. ಸ್ತ್ರೀಶಕ್ತಿ ಸಂಘಗಳಿವೆ, ಅನೇಕರ ಕೈಯಲ್ಲಿ ಮೊಬೈಲುಗಳಿವೆ. ಬೇಕಾದುದು ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಮಧ್ಯಾಹ್ನ ಚಿತ್ರಗಳ ಮುಂದೆ ಕುಳಿತು ಕೇಳುವುದು, ಮತ್ತು ಆಶಾ ಕಾರ್ಯಕರ್ತೆಯ ವಹಿಯಲ್ಲಿ 49ರ ಮುಂದಿನವರಿಗೂ ಒಂದು ಅಂಕಣ ತೆರೆಯುವುದು.