ಮೂಸೆಯಿಂದ ತಪ್ಪಿಸಿಕೊಳ್ಳುವ ಲೋಹ

ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸತು ಕರಗುವುದು ಬರೀ 420ರಲ್ಲಿ. ಹಾಗಿದ್ದರೆ ಮನುಷ್ಯನಿಗೆ ಮೊದಲು ಸತುವೇ ದಕ್ಕಬೇಕಿತ್ತಲ್ಲ? ಆದದ್ದು ತಿರುಗಾಮುರುಗಾ. ರೋಮನ್ನರು ಹಿತ್ತಾಳೆಯ ನಾಣ್ಯಗಳನ್ನು ಹೊಡೆದರು. ಆದರೆ ಅದರೊಳಗಿನ ಸತುವನ್ನು ಬಿಡಿ ಲೋಹವಾಗಿ ತೆಗೆಯುವ ಕಸುಬು ಅವರಲ್ಲಿ ಬೆಳೆಯಲಿಲ್ಲ. ಮುಚ್ಚಿದ ಮೂಸೆಯಲ್ಲಿ ತಾಮ್ರದ ಚೂರು, ಸತುವಿನ ಅದಿರು, ಇದ್ದಿಲು ಹಾಕಿ ಕಾಯಿಸುತ್ತಿದ್ದರು; ಎದ್ದ ಆವಿಯನ್ನು ತಾಮ್ರ ಅಲ್ಲೇ ಹೀರಿಕೊಳ್ಳುತ್ತಿತ್ತು.

ತೊಡಕು ಎಲ್ಲಿದೆ ಎಂದು ಹೇಳಬಲ್ಲ ಸಮೀಕರಣವನ್ನು ಕೊಟ್ಟವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೋಸಿಯಾ ವಿಲರ್ಡ್ ಗಿಬ್ಸ್. 1870ರ ದಶಕದಲ್ಲಿ ಅವರು ಬರೆದ ದೀರ್ಘ ಪ್ರಬಂಧಗಳಿಂದ ಹೊರಟ ವಿಚಾರವನ್ನು ಇಂದು ಹೀಗೆ ಬರೆಯುತ್ತೇವೆ: ಗಿಬ್ಸ್ ಶಕ್ತಿಯ ಬದಲಾವಣೆ = ಎಂಥಾಲ್ಪಿಯ ಬದಲಾವಣೆ − (ತಾಪಮಾನ × ಎಂಟ್ರೊಪಿಯ ಬದಲಾವಣೆ). ಎಂಥಾಲ್ಪಿಯ ಬದಲಾವಣೆ ಎಂದರೆ ಇಲ್ಲಿ ಕ್ರಿಯೆ ನುಂಗುವ ಅಥವಾ ಉಗುಳುವ ಶಾಖ; ಎಂಟ್ರೊಪಿ ಎಂದರೆ ಶಕ್ತಿ ಎಷ್ಟು ಚದುರಿದೆ ಎಂಬುದರ ಅಳತೆ. ಉತ್ತರ ಋಣ ಸಂಖ್ಯೆಯಾದರೆ ಕ್ರಿಯೆ ಮುಂದಕ್ಕೆ ಸಾಗಬಲ್ಲದು, ಧನ ಸಂಖ್ಯೆಯಾದರೆ ಹಿಂದಕ್ಕೆ. ಕುಲುಮೆ ಗಾಳಿಗೆ ತೆರೆದಿರುವುದರಿಂದ ಒತ್ತಡ ಬದಲಾಗದು; ಬದಲಾಗುವುದು ತಾಪಮಾನ ಮಾತ್ರ. ಆಗ ತಾಪಮಾನ ಒಂದೊಂದು ಡಿಗ್ರಿ ಏರಿದಂತೆ ಗಿಬ್ಸ್ ಶಕ್ತಿಯ ಬದಲಾವಣೆ ಎಷ್ಟು ಇಳಿಯುತ್ತದೆ ಎಂಬುದನ್ನು ಎಂಟ್ರೊಪಿಯೇ ನಿರ್ಧರಿಸುತ್ತದೆ.

ಸತುವಿನ ಆಕ್ಸೈಡಿಗೆ ಇದ್ದಿಲು ಸೇರಿಸಿದರೆ ಸತುವಿನ ಆವಿ ಮತ್ತು ಕಾರ್ಬನ್ ಮೊನಾಕ್ಸೈಡ್ ಬರುತ್ತವೆ. 65 ಗ್ರಾಂ ಸತುವಿಗೆ ಈ ಕ್ರಿಯೆ ನುಂಗುವ ಶಾಖ ಸುಮಾರು 370 ಕಿಲೋಜೌಲ್. ಎರಡು ಘನವಸ್ತುಗಳಿಂದ ಎರಡು ಅನಿಲಗಳು ಹುಟ್ಟುವುದರಿಂದ ಎಂಟ್ರೊಪಿಯೂ ಜೋರಾಗಿಯೇ ಏರುತ್ತದೆ, ಕೆಲ್ವಿನ್‌ಗೆ ಸುಮಾರು 309 ಜೌಲ್. ಈಗ ಲೆಕ್ಕ ಹಾಕಿ. 1000 ಕೆಲ್ವಿನ್‌ನಲ್ಲಿ, ಅಂದರೆ 727 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಉತ್ತರ +61 ಕಿಲೋಜೌಲ್, ಏನೂ ನಡೆಯದು. 1200 ಕೆಲ್ವಿನ್ ಹೊತ್ತಿಗೆ ಹೆಚ್ಚುಕಡಿಮೆ ಸೊನ್ನೆ. 1400ಕ್ಕೆ −63. (ತಾಪಮಾನದೊಂದಿಗೆ ಎಂಥಾಲ್ಪಿ, ಎಂಟ್ರೊಪಿಗಳೂ ತುಸು ಬದಲಾಗುತ್ತವೆ, ಅಂದಾಜಿಗೆ ಇಷ್ಟು ಸಾಕು.)

ಅದಿರು ಸತುವನ್ನು ಬಿಟ್ಟುಕೊಡುವುದು ಹೀಗೆ 900 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಸತು ಕುದಿಯುವುದೋ 907ರಲ್ಲಿ! ಕಬ್ಬಿಣವಾದರೆ ಕುಲುಮೆಯ ತಳದಲ್ಲಿ ಮುದ್ದೆಯಾಗಿ ಕಾದು ಕೂರುತ್ತದೆ. ಸತು ಹುಟ್ಟಿದ ಗಳಿಗೆಯಲ್ಲೇ ಆವಿ. ಬೆಂಕಿ ಆರಿದ ಮೇಲೆ ಒಳಗೆ ಇಣುಕಿದವನಿಗೆ ಸಿಗುವುದು ಬೂದಿ. ಆವಿಯನ್ನು ಹಿಡಿದು ತಂಪಾಗಿಸಿದರೆ ಆಯಿತಲ್ಲ ಎನ್ನಬಹುದು. ಆದರೆ ಬಿಸಿ ಏರಿದಾಗ ಒಲಿದ ಸಮೀಕರಣ ಇಳಿದಾಗ ಮುನಿಯುತ್ತದೆ: ತಣಿಯುವ ಆವಿಗೆ ಕಾರ್ಬನ್ ಡೈಆಕ್ಸೈಡೋ ಗಾಳಿಯೋ ತಾಗಿದರೆ ಸತು ಮತ್ತೆ ಬಿಳಿ ಆಕ್ಸೈಡ್ ಪುಡಿಯಾಗುತ್ತದೆ.

ಇದನ್ನು ಗೆದ್ದವರು ರಾಜಸ್ಥಾನದ ಉದಯಪುರದ ಬಳಿಯ ಜಾವರ್‌ನ ಕುಶಲಕರ್ಮಿಗಳು. ಯುರೋಪಿಗಿಂತ ಶತಮಾನಗಳಷ್ಟು ಮೊದಲೇ. 1980ರ ದಶಕದ ಉತ್ಖನನದಲ್ಲಿ ಅವರ ಕುಲುಮೆಗಳು ಹೊರಬಂದವು. ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳು, ಒಂದೊಂದು ಕುಲುಮೆಯಲ್ಲಿ 36. ಅವನ್ನು ತಲೆಕೆಳಗಾಗಿ ತೂತಿನ ಹಲಗೆಯ ಮೇಲೆ ನಿಲ್ಲಿಸುತ್ತಿದ್ದರು. ಬೆಂಕಿ ಮೇಲಿನ ಕೋಣೆಯಲ್ಲಿ, ಬಾಯಿ ಕೆಳಗಿನ ತಂಪು ಕೋಣೆಯಲ್ಲಿ. ಆವಿಗೆ ಮೇಲೇರುವ ದಾರಿಯೇ ಇಲ್ಲ. ಕೊಳವೆಯಲ್ಲಿ ಇಳಿದು, ಗಾಳಿ ಸೋಕುವ ಮೊದಲೇ ಹನಿಯಾಗಬೇಕು. ಹದಿಮೂರನೆಯ ಶತಮಾನದ 'ರಸರತ್ನಸಮುಚ್ಚಯ'ವೂ ಬದನೆಕಾಯಿ ಆಕಾರದ ಮೂಸೆಯನ್ನು ವರ್ಣಿಸುತ್ತದೆ. ಸೂತ್ರ ಅರಿಯದ ಕೈಗಳು ಅದರ ಎರಡೂ ತುದಿಗಳನ್ನು ಹಿಡಿದಿದ್ದವು ಎಂಬುದೇ ನನಗೆ ಇಲ್ಲಿ ದೊಡ್ಡ ಬೆರಗು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಪೇಟೆಂಟ್ ಪಡೆದದ್ದು 1738ರಲ್ಲಿ. ಅವನ ಕುಲುಮೆಯಲ್ಲೂ ಆವಿ ಇಳಿಯುವುದು ಕೆಳಕ್ಕೇ.

ಯಾವ ಲೋಹಕ್ಕೆ ಎಷ್ಟು ಬಿಸಿ ಬೇಕೆಂಬುದನ್ನು 1944ರಲ್ಲಿ ಹೆರಾಲ್ಡ್ ಎಲ್ಲಿಂಗಮ್ ಒಂದೇ ನಕ್ಷೆಯಲ್ಲಿ ಗೆರೆಗಳಾಗಿ ಎಳೆದರು. ಅಲ್ಯುಮಿನಿಯಂನ ಗೆರೆ ಇದ್ದಿಲಿನ ಗೆರೆಯನ್ನು ದಾಟುವುದು 2000 ಡಿಗ್ರಿಯ ಆಚೆ. ಹಾಗಾಗಿಯೇ 1886ರಿಂದ ಅದರ ಕೆಲಸ ವಿದ್ಯುತ್ತಿನದು.

ದಿಕ್ಕು ಹೇಳುವ ಗಿಬ್ಸ್ ಲೆಕ್ಕ ವೇಗದ ಬಗ್ಗೆ ತುಟಿ ಬಿಚ್ಚುವುದಿಲ್ಲ. 1950ರ ದಶಕದಲ್ಲಿ ಬ್ರಿಸ್ಟಲ್ ಪಕ್ಕದ ಏವನ್‌ಮೌತ್‌ನ ಎಂಜಿನಿಯರುಗಳು ಬಳಸಿಕೊಂಡದ್ದು ಈ ಮೌನವನ್ನೇ. ಊದುಕುಲುಮೆಯಿಂದ ಬರುವ ಆವಿಯ ಮೇಲೆ ಅವರು ಕರಗಿದ ಸೀಸದ ಹನಿಗಳನ್ನು ಎರಚಿದರು. ಸತು ಥಟ್ಟನೆ ತಣಿದು ಸೀಸದಲ್ಲಿ ಕರಗಿತು. ಆಕ್ಸೈಡಾಗಿ ಹಿಂದಿರುಗಲು ಅದಕ್ಕೆ ಸಮಯವೇ ಸಿಗಲಿಲ್ಲ.