ಗಜಕರ್ಣಕ್ಕೆ ಹೊಸ ಗುರಿ ಬೇಕಿದೆ

ಚರ್ಮವೈದ್ಯೆಯಾದ ನನ್ನ ಬಳಿ ಗಜಕರ್ಣದ ರೋಗಿಗಳು ಬರುತ್ತಲೇ ಇರುತ್ತಾರೆ. ಕೆಂಪು ಬಳೆಯಂಥ ಅಂಚಿನಿಂದ ಹೊಟ್ಟು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಶಿಲೀಂಧ್ರದ ಕವಲೊಡೆದ ಎಳೆಗಳು ಕಾಣುತ್ತವೆ. ಹಿಂದೆ ಟರ್ಬಿನಫೈನ್ ಮಾತ್ರೆಗೆ ಬಗ್ಗುತ್ತಿದ್ದ ಸೋಂಕು ಈಗ ಹಲವರಲ್ಲಿ ಜಗ್ಗುತ್ತಿಲ್ಲ. ಈ ಔಷಧ ಸ್ಕ್ವಾಲಿನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಆಗ ಶಿಲೀಂಧ್ರದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದು. ಭಾರತದಲ್ಲಿ ಹಬ್ಬಿರುವ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರದ ಅನೇಕ ತಳಿಗಳಲ್ಲಿ ಆ ಕಿಣ್ವದ ಒಂದು ಅಮೈನೋ ಆಮ್ಲ ಬದಲಾಗಿ, ಔಷಧಕ್ಕೆ ಹಿಡಿತ ಸಿಗುತ್ತಿಲ್ಲ.

ಹಾಗಾಗಿ ಔಷಧಕ್ಕೆ ಹೊಸ ಗುರಿ ಬೇಕು. ಆದರೆ ಶಿಲೀಂಧ್ರದ ಜೀವಕೋಶ ನಮ್ಮದನ್ನು ಬಹಳ ಹೋಲುವುದರಿಂದ ಅದನ್ನು ಮಾತ್ರ ಕೊಲ್ಲುವುದು ಕಷ್ಟ. ಓಲೊರೊಫಿಮ್ ಎಂಬ ಪ್ರಾಯೋಗಿಕ ಔಷಧ, ಡಿಎನ್‌ಎಗೆ ಬೇಕಾದ ಪಿರಿಮಿಡಿನ್ ತಯಾರಿಸುವ ಕಿಣ್ವವೊಂದನ್ನು ತಡೆಯುತ್ತದೆ. ನಮ್ಮಲ್ಲೂ ಆ ಕಿಣ್ವವಿದೆ, ಆದರೆ ರಚನೆ ಬೇರೆ. ಇಂಥ ವ್ಯತ್ಯಾಸ ಹುಡುಕುವ ಸಂಶೋಧನೆಗೆ ಹಣ, ಗಮನ ಎರಡೂ ಹೆಚ್ಚಬೇಕು. ಅಲ್ಲಿಯವರೆಗೆ, ಗಜಕರ್ಣ ಕಂಡರೆ ನೀವಂತೂ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಅಂಗಡಿಯಿಂದ ತಂದು ಹಚ್ಚಬೇಡಿ.